ಒಮ್ಮೆ ಏಳತೈತಿ, ಒಮ್ಮೆ ಏಳೂದಿಲ್ಲ

ಮನ್ಯಾಗಿನ ಸಾಮಾನು ಎರಡು ನಮೂನಿ ಕೆಡತಾವ ನೋಡ್ರಿ. ಒಂದು, ಪೂರಾ ಕೆಡೂದು. ಮಿಕ್ಸರ್ ಸುಟ್ಟ ವಾಸನಿ ಬಂದು ನಿಂತ್ರ ನಿಂತಂಗ. ರಿಪೇರಿಗೆ ಒಯ್ಯಬೇಕು, ಇಲ್ಲಾ ಹೊಸಾದು ತರಬೇಕು, ಮಾತು ಮುಗೀತು. ಇನ್ನೊಂದು, ಒಂದಿನ ನಡದು ಒಂದಿನ ಮುನಿಸಿಕೊಳ್ಳೂದು. ಇದು ಭಾಳ ಕಾಡತೈತಿ. ರಿಪೇರಿಯವನ ಮುಂದ ಇಟ್ರ ಚಂದಾಗಿ ನಡೀತೈತಿ, ಮನಿಗೆ ತಂದ್ರ ಮತ್ತ ಅದ ರಾಗ. ಸಣ್ಣ ಹುಡುಗರ ಜ್ವರ ಇದ್ದಂಗ. ರಾತ್ರಿ ಎಲ್ಲಾ ಮೈ ಕೆಂಡ ಆಗಿರತೈತಿ, ದವಾಖಾನಿ ಮೆಟ್ಟಲಾ ಹತ್ತಿದ ಕೂಡ್ಲೆ ಆಡಾಕ ಶುರು ಮಾಡತಾವ.

ನಮ್ಮನ್ಯಾಗಿನ ಲ್ಯಾಪ್‌ಟಾಪ್ ಈ ಎರಡನೇ ನಮೂನಿದ್ದು. ನಿಮ್ಮಲ್ಲಿ ಭಾಳ ಮಂದಿ ಮನ್ಯಾಗೂ ಹಿಂತಾದೊಂದು ಹಳೇದು ಇದ್ದ ಇರತೈತಿ. ಮಗಾ ಕಾಲೇಜಿಗೆ ಹೋಗುಮುಂದ ತಗೊಂಡಿದ್ದು, ಆಮ್ಯಾಲೆ ಅಂವ ನೌಕರಿಗೆ ಹೋಗಿ ಕಂಪನಿದು ಬಂದ ಮ್ಯಾಲೆ ಅವ್ವನ ಪಾಲಿಗೆ ಬಿಟ್ಟಿದ್ದು. ಅದಕ್ಕ ಇದನ್ನ ಸ್ವಲ್ಪ ಬಿಡಿಸಿ ಬರೀಬೇಕಂತ ಮಾಡೀನಿ. ಓದೂದು ಉದ್ದಾದ್ರ ಒಂದು ಚಹಾ ಮಾಡ್ಕೊಂಡು ಕುಂದರ್‍ರಿ.

ನಮ್ಮದು 2013ರಾಗ ತಗೊಂಡಿದ್ದು. ಎರಡು ವರ್ಷದ ಹಿಂದ ಅದರ ಬ್ಯಾಟರಿ ಉಬ್ಬಿತ್ತು. ಕೆಳಗಿನ ಮುಚ್ಚಳಾ ಹೋಳಿಗಿ ಉಬ್ಬಿದಂಗ ಎದ್ದಿತ್ತು. ಉಬ್ಬಿದ ಬ್ಯಾಟರಿ ಮನ್ಯಾಗ ಇಟ್ಕೋಬಾರದು, ಚುಚ್ಚಬಾರದು, ಒತ್ತಬಾರದು, ಕಸದ ಗಾಡಿಗೂ ಹಾಕಬಾರದು, ಅದು ಬೆಂಕಿ ಹತ್ತೂ ಸಾಮಾನು. ಇ-ವೇಸ್ಟ್ ತಗೊಳ್ಳೋರ ಕಡೆ ಕೊಟ್ಟು ಬಂದ್ವಿ. ಹೊಸ ಬ್ಯಾಟರಿಗೆ ರೊಕ್ಕಾ ಹಾಕೂದು ಬ್ಯಾಡಂತ ಚಾರ್ಜರ್ ಮ್ಯಾಲೆ ನಡಸಿದ್ವಿ. ಅಡ್ಡಿ ಇರಲಿಲ್ಲ. ಹಾಲ್‌ನ್ಯಾಗಿನ ಮೂಲ್ಯಾಗ ಒಂದು ಸಣ್ಣ ಟೇಬಲ್, ಅದರ ಮ್ಯಾಲೆ ಇದು, ಹಿಂದ ಸ್ವಿಚ್ ಬೋರ್ಡು. ನಮ್ಮ ಸಂಘದ ಹದಿನಾರು ಮಂದಿ ಉಳಿತಾಯದ ಲೆಕ್ಕ, ಸಾಲದ ಕಂತು, ಶ್ಯಾವಿಗಿ ಹಪ್ಪಳದ ಆರ್ಡರು ಎಲ್ಲಾ ಅದರಾಗ.

ಅದರಾಗ ಇನ್ನೂ ಒಂದಿತ್ತು. ನಮ್ಮ ಅತ್ತಿಯವರ ಪದ.

ಅತ್ತಿಯವ್ರು ಬೀಸೂ ಪದ, ಕುಟ್ಟೂ ಪದ, ಸೋಬಾನ, ಜೋಗುಳ ಎಲ್ಲಾ ಹಾಡತಿದ್ರು. ಲಗ್ನದ ಮನ್ಯಾಗ ಅರಿಷಿಣ ಹಚ್ಚುಮುಂದ ಅವರು ಎತ್ತಿಕೊಡಲಿಲ್ಲಂದ್ರ ಯಾರಿಗೂ ಬಾಯಿ ಬರತಿರಲಿಲ್ಲ. 2014ರ ದೀಪಾವಳಿ ಸೂಟಿಯೊಳಗ ಮಗಾ ಅವರ ಮುಂದ ಮೊಬೈಲ್ ಹಿಡಿದು ‘ಆಯಿ, ಹಾಡು’ ಅಂದ. ‘ಸುಮ್ನ ಕುಂತು ಹ್ಯಾಂಗ ಹಾಡೂದೋ, ಕೈಯಾಗ ಗೂಟಾ ಇರಬೇಕು’ ಅಂದ್ರು. ಕಡೀಕ ಹಿತ್ತಲದಾಗಿನ ಬೀಸೂಕಲ್ಲು ಒಳಗ ತಂದು, ಎರಡು ಹಿಡಿ ಜ್ವಾಳಾ ಹಾಕಿ ಕೊಟ್ಟ ಮ್ಯಾಲೆನ ಬಾಯಿ ಬಿಟ್ಟಿದ್ದು. ನಾಕು ದಿನದಾಗ ಮೂವತ್ತೇಳು ಪದ ಆದ್ವು. ಆವಾಗಿನ ಮೊಬೈಲಿನಾಗ ಜಾಗ ಸಾಲದ್ದಕ್ಕ ಅವನ್ನೆಲ್ಲಾ ಲ್ಯಾಪ್‌ಟಾಪಿಗೆ ಹಾಕಿದ್ವಿ. ಮೊಬೈಲ್ ಮುಂದ ಒಂದು ಮಳಿಗಾಲದಾಗ ನೀರಿಗೆ ಬಿದ್ದು ಹೋತು. ಅತ್ತಿಯವ್ರು 2019ರಾಗ ಹೋದ್ರು.

ಅವರು ಹೋದ ಮ್ಯಾಲೆ ಮನಿ ಪಾಲಾತು. ಇದು ಎಲ್ಲಾರ ಮನ್ಯಾಗ ಇರೂದ, ಮುಚ್ಚಿಡೂದೇನಿಲ್ಲ. ಹೊಲ, ಹಿತ್ತಾಳಿ ಕೊಡಾ, ತಾಮ್ರದ ಹಂಡೆ, ಎಲ್ಲಾ ಎರಡಾದ್ವು. ಬೀಸೂಕಲ್ಲು ನಮ್ಮ ನೆಗೆಣ್ಣಿ ಪಾಲಿಗೆ ಹೋತು, ಪದಾ ನಮ್ಮ ಲ್ಯಾಪ್‌ಟಾಪಿನಾಗ ಉಳದ್ವು. ಎರಡು ಮನಿ ನಡುವ ಮಾತು ಕಡಿಮಿ ಆಗಿದ್ವು. ಈ ವರ್ಷ ನೆಗೆಣ್ಣಿ ದೊಡ್ಡ ಮಗಳ ಲಗ್ನ ಗೊತ್ತಾತು. ಸಣ್ಣ ಮಗಳು, ಪುಣೆದಾಗ ಕಂಪ್ಯೂಟರ್ ನೌಕರಿ ಮಾಡಾಕಿ, ನನಗ ಫೋನ್ ಹಚ್ಚಿ, ‘ಚಿಗವ್ವಾ, ಆಯಿ ಪದ ಇನ್ನೂ ಅದಾವೇನ? ಅಕ್ಕಗ ಅರಿಷಿಣ ಹಚ್ಚುಮುಂದ ಆಯಿ ಧ್ವನಿ ಕೇಳಸಬೇಕು’ ಅಂತ ಕೇಳಿದ್ಳು. ‘ಅದಾವವ್ವಾ, ಕಳಸತೀನಿ’ ಅಂದೆ. ಅದ ವಾರ ಲ್ಯಾಪ್‌ಟಾಪ್ ಮುನಿಸಿಕೊಂಡಿತು.

ಹ್ಯಾಂಗ ಮುನಿಸಿಕೊಂಡಿತು ಅಂದ್ರ, ಮುಂಜಾನೆ ಗುಂಡಿ ಒತ್ತಿದ್ರ ಲೈಟ್ ಹತ್ತತಿತ್ತು, ಒಳಗಿನ ಫ್ಯಾನ್ ಗುರ್ ಅಂತಿತ್ತು, ಪರದಿ ಮಾತ್ರ ಕಪ್ಪು. ಒಂದ ಅಕ್ಷರ ಇಲ್ಲ. ಮತ್ತ ಬಂದ್ ಮಾಡಿ, ಮತ್ತ ಒತ್ತಿ, ಹಿಂಗ ನಾಕೈದು ಸಲಾ ಆದ ಮ್ಯಾಲೆ ಒಮ್ಮೆಲೆ ಏಳತಿತ್ತು. ಕೆಲವು ದಿನ ಮೊದಲ ಒತ್ತಿಗೇ ಏಳತಿತ್ತು. ಕೆಲವು ದಿನ ಏಳತಿರಲೇ ಇಲ್ಲ.

ಅಂಗಡಿಗೆ ಒಯ್ದೆ. ಅಲ್ಲೆ ಟೇಬಲ್ ಮ್ಯಾಲೆ ಇಟ್ಟು ಒತ್ತಿದ್ರು, ಮೊದಲ ಸಲಕ್ಕ ಎದ್ದು ಕುಂತಿತು. ‘ಏನೂ ಆಗಿಲ್ಲ ಬಿಡ್ರಿ ಅಕ್ಕಾರ’ ಅಂದ್ರು. ಎರಡು ದಿನಾ ಬಿಟ್ಟು ಮತ್ತ ಒಯ್ದೆ. ಈ ಸಲಾ ಒಂದು ರಾತ್ರಿ ಇಟ್ಕೊಂಡ್ರು. ಮರುದಿನ ಹೋದ್ರ, ‘ಮದರ್‌ಬೋರ್ಡ್ ಹೋಗೇತ್ರಿ. ಹಾಕಸಬೇಕಂದ್ರ ಒಂಬತ್ತು ಸಾವಿರ. ಇಷ್ಟು ಹಳೇದಕ್ಕ ಹಾಕಸೂದ ಬ್ಯಾಡ, ಹೊಸಾದು ತಗೋರಿ. ಒಳಗಿಂದೆಲ್ಲಾ ಬೇಕಂದ್ರ ಅದಕ್ಕ ಬ್ಯಾರೆ ಚಾರ್ಜು, ಬರತೈತಿ ಅಂತ ಗ್ಯಾರಂಟಿ ಕೊಡೂದಿಲ್ಲ’ ಅಂದ್ರು. ನಾನು ಅದನ್ನ ಎತ್ತಿ ಚೀಲದಾಗ ಹಾಕ್ಕೊಂಡು ಮನಿಗೆ ಬಂದೆ.

ಬಸ್ಸಿನಾಗ ಕುಂತಾಗ ನನಗ ಲ್ಯಾಪ್‌ಟಾಪಿನ ಚಿಂತಿ ಇರಲಿಲ್ಲ. ನೆಗೆಣ್ಣಿ ಮನಿಗೆ ಹೋಗಿ ‘ಪದ ಹೋದ್ವು’ ಅಂತ ಹೇಳೂದು ಹ್ಯಾಂಗ ಅನ್ನೂದ ಚಿಂತಿ. ಪಾಲಿನ ಮ್ಯಾಲೆ ಇನ್ನೊಂದು ಮಾತು ಹುಟ್ಟಬಾರದಿತ್ತು.

ಪುಣೆ ಹುಡುಗಿಗೆ ಫೋನ್ ಹಚ್ಚಿದೆ. ಆಕಿ ಹೇಳಿದ ಮೊದಲ ಮಾತು ನೀವೆಲ್ಲಾ ನೆನಪಿಟ್ಕೋಬೇಕು. ‘ಚಿಗವ್ವಾ, ಮಷಿನ್ ಬ್ಯಾರೆ, ಡಿಸ್ಕ್ ಬ್ಯಾರೆ. ಮನಿ ಬಾಗಲಾ ಕೆಟ್ಟಿತಂದ್ರ ಟ್ರಂಕಿನಾಗಿನ ಸೀರಿ ಹೋದಂಗ ಅಲ್ಲ. ಮೊದಲ ಡಿಸ್ಕ್ ಹೊರಗ ತಗಿ, ಪದಾ ಉಳಿಸ್ಕೊ. ಲ್ಯಾಪ್‌ಟಾಪ್ ಯಾಕ ಏಳವಲ್ದು ಅನ್ನೂದು ಆಮ್ಯಾಲೆ ನೋಡೂಣು.’

ಹಳೇ ಲ್ಯಾಪ್‌ಟಾಪಿನಾಗ ಡಿಸ್ಕ್ ಎರಡೂವರೆ ಇಂಚಿನ ಒಂದು ಚಪ್ಪಟಿ ಡಬ್ಬಿ. ಕೆಳಗಿನ ಮುಚ್ಚಳಾ ಬಿಚ್ಚಿದ್ರ ಕೈಗೆ ಸಿಗತೈತಿ. ಅದಕ್ಕ ಹೊರಗಿನಿಂದ ಯುಎಸ್‌ಬಿ ಹಚ್ಚೂ ಕವರ್ ಸಿಗತಾವ. ‘ಎರಡೂವರೆ ಇಂಚಿನ ಸಾಟಾ ಡಿಸ್ಕಿನ ಕೇಸ್’ ಅಂತ ಕೇಳಿದ್ರ ಕಂಪ್ಯೂಟರ್ ಸಾಮಾನಿನ ಅಂಗಡಿಯವರಿಗೆ ತಿಳೀತೈತಿ. ನಾನು ಮೂರನೂರಾ ಐವತ್ತು ಕೊಟ್ಟೆ. ಚಾರ್ಜರ್ ತಗದು, ಬ್ಯಾಟರಿ ಅಂತೂ ಇರಲಿಲ್ಲ, ಗುಂಡಿ ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ಕರೆಂಟ್ ಹೋಗಲಾಕ ಬಿಟ್ಟು, ಹೊಲಿಗಿ ಮಷಿನ್ನಿನ ಸಣ್ಣ ಸ್ಕ್ರೂಡ್ರೈವರಿನಿಂದ ಬಿಚ್ಚಿದೆ. ಸ್ಕ್ರೂ ಎಲ್ಲಾ ಒಂದು ಕಾಗದದ ಮ್ಯಾಲೆ ಲ್ಯಾಪ್‌ಟಾಪಿನ ಚಿತ್ರಾ ಬರದು, ಎಲ್ಲೆಲ್ಲಿಂದ ತಗದೆ ಅಲ್ಲಲ್ಲೆ ಇಟ್ಟೆ. ಉದ್ದಂದು ಗಿಡ್ಡಂದು ಬ್ಯಾರೆ ಇರತಾವ, ಗಿಡ್ಡಂದರ ಜಾಗಾದಾಗ ಉದ್ದಂದು ತಿರುವಿದ್ರ ಬೋರ್ಡಿಗೆ ಚುಚ್ಚತೈತಿ. ಫೋಟೋನೂ ಹೊಡಕೊಂಡೆ.

ಎದುರಿನ ಮನಿ ವೈನಿಯವರ ಮಗಳ ಲ್ಯಾಪ್‌ಟಾಪಿಗೆ ಹಚ್ಚಿದ್ವಿ. ಕವರಿನ ಸಣ್ಣ ನೀಲಿ ಲೈಟ್ ಮಿಣಕ್ ಮಿಣಕ್ ಅಂತು. ಡಿಸ್ಕಿನಿಂದ ಟಕ್ ಟಕ್ ಅಂತ ಸಪ್ಪಳಾ ಬಂದ್ರ ಕೂಡ್ಲೆ ತಗದುಬಿಡು, ತಿರುಗಿಸಿ ತಿರುಗಿಸಿ ನೋಡಬ್ಯಾಡ ಅಂತ ಹುಡುಗಿ ಹೇಳಿದ್ಳು. ನಾನು ಕಿವಿ ಹಚ್ಚಿ ಕುಂತಿದ್ದೆ. ಸಣ್ಣಗ ಸುಂಯ್ ಅಂತ ತಿರಗೂ ಸಪ್ಪಳಾ, ಅಷ್ಟ. ಫೋಲ್ಡರ್ ತಗೀತು. ಮೂವತ್ತೇಳಕ್ಕ ಮೂವತ್ತೇಳೂ ಇದ್ವು.

ಮೊದಲನೇದನ್ನ ಒತ್ತಿದೆ. ಬೀಸೂಕಲ್ಲಿನ ಸಪ್ಪಳಾ ಮೊದಲ ಬಂತು, ಪದಾ ಆಮ್ಯಾಲೆ. ನಡುವ ಕುಕ್ಕರಿನ ಸೀಟಿ. ಪದ ಮುಗದ ಮ್ಯಾಲೆ ಅತ್ತಿಯವ್ರು ‘ಜ್ವಾಳಾ ಮುಗದಾವ, ಇನ್ನೊಂದು ಹಿಡಿ ಹಾಕು’ ಅಂತ ನನಗ ಹೇಳಿದ್ದು, ನಾನು ‘ಹಾಕ್ತೀನ್ರಿ’ ಅಂದಿದ್ದು. ಎದುರಿನ ವೈನಿ ಸೆರಗು ಬಾಯಿಗೆ ಹಚ್ಕೊಂಡ್ರು. ಹಲಸಂಗಿ ಗೆಳೆಯರು ಸೇರಿಸಿದ ‘ಗರತಿಯ ಹಾಡು’ ಪುಸ್ತಕ ನಮ್ಮನ್ಯಾಗೂ ಐತಿ. ಹಿಂತಾ ಪದಾ ಪುಸ್ತಕದಾಗ ಸಿಗತಾವ, ಭಾಳ ದೊಡ್ಡ ಕೆಲಸ ಅದು. ಆದ್ರ ಕಲ್ಲಿನ ಸಪ್ಪಳಾ, ಉಸಿರು ತಗೊಳ್ಳೂ ಜಾಗಾ, ನಡುವ ‘ಜ್ವಾಳಾ ಹಾಕು’ ಅನ್ನೂದು ಅಕ್ಷರದಾಗ ಹ್ಯಾಂಗ ಬರಬೇಕು?

ಎಲ್ಲಾ ಕೂಡಿ ಮೂರನೂರು ಎಂಬಿ ಒಳಗ ಇದ್ವು. ಒಂದು ಸಣ್ಣ ಪೆನ್‌ಡ್ರೈವಿನ ಮೂಲ್ಯಾಗ ಹಿಡಸೂ ಅಷ್ಟ. ಎರಡು ಪೆನ್‌ಡ್ರೈವಿಗೆ ಹಾಕಿದೆ, ಪುಣೆಗೆ ಕಳಿಸಿದೆ, ಮಗಗ ಕಳಿಸಿದೆ.

ಇನ್ನ ಲ್ಯಾಪ್‌ಟಾಪ್. ಪದಾ ಹೊರಗ ಬಂದ ಮ್ಯಾಲೆ ನನಗ ಅದರ ಭಯಾ ಹೋತು. ಭಯಾ ಹೋದಾಗ ತಲಿ ಚಲೋ ಓಡತೈತಿ. ಸುಮ್ನ ಎಸದುಬಿಡೂದೇನು ಬ್ಯಾಡ, ಯಾಕ ಹಿಂಗ ಮಾಡತೈತಿ ನೋಡೂಣು ಅಂತ ಡಿಸ್ಕ್ ಹೊಳ್ಳಿ ಅದರಾಗ ಹಾಕಿದೆ.

ಏಳದ ಲ್ಯಾಪ್‌ಟಾಪಿಗೆ ಒಂದೊಂದ ಸಂಶಯಾ ತಗಕೊಂತ ಹೋಗಬೇಕು. ಹೊಟ್ಟಿ ಕೆಟ್ಟಾಗ ಒಂದಿನ ಹಾಲು ಬಿಟ್ಟು, ಒಂದಿನ ಖಾರಾ ಬಿಟ್ಟು ನೋಡತೀವಲ್ಲಾ, ಹಂಗ. ಎರಡೂ ಒಮ್ಮೆ ಬಿಟ್ರ ಯಾವುದರಿಂದ ಅನ್ನೂದು ತಿಳಿಯೂದಿಲ್ಲ. ನಾನು ನೋಡಿದ್ದು ಹಿಂಗ.

ಮೊದಲ ಚಾರ್ಜರ್. ಅದರ ಮ್ಯಾಲೆ 19 ವೋಲ್ಟ್ ಅಂತ ಬರದಿತ್ತು. ಅದ ವೋಲ್ಟಿಂದು, ಅದ ಪಿನ್ನಿಂದು, ಅಷ್ಟ ಇಲ್ಲಾ ಅದಕ್ಕೂ ಹೆಚ್ಚು ಆಂಪಿಯರ್ ಇದ್ದಿದ್ದೊಂದು ಸಂಘದ ಒಬ್ರ ಮನಿಯಿಂದ ತಂದು ಹಚ್ಚಿದೆ. ವೋಲ್ಟ್ ಬ್ಯಾರೆ ಇದ್ದಿದ್ದು ಹಚ್ಚಬ್ಯಾಡ್ರಿ ಮತ್ತ. ಫರಕ ಬೀಳಲಿಲ್ಲ. ಚಾರ್ಜರ್ ಪಾಸು.

ಎರಡನೇದು ಪರದಿ. ಕೆಲವು ಸಲಾ ಲ್ಯಾಪ್‌ಟಾಪ್ ಎದ್ದಿರತೈತಿ, ಪರದಿ ಹಿಂದಿನ ಬೆಳಕ ಅಷ್ಟ ಹೋಗಿರತೈತಿ. ಕತ್ತಲದಾಗ ಮೊಬೈಲಿನ ಟಾರ್ಚ್ ಪರದಿಗೆ ಓರೆ ಹಿಡಿದು ನೋಡಿದ್ರ ಮಸುಕ ಮಸುಕ ಚಿತ್ರಾ ಕಾಣತಾವ. ಕಾಣಲಿಲ್ಲ. ಟಿವಿಗೆ ಎಚ್‌ಡಿಎಂಐ ವೈರ್ ಹಚ್ಚಿ ನೋಡಿದೆ, ಅಲ್ಲೂ ಏನಿಲ್ಲ. ಅಂದ್ರ ಪರದಿದಲ್ಲ, ಒಳಗಿಂದ ಏಳವಲ್ದು.

ಮೂರನೇದು ರ್‍ಯಾಮ್. ಒಂದು ಪಟ್ಟಿ ಇರತೈತಿ, ಒಂದು ತುದಿಗೆ ಬಂಗಾರದ ಬಣ್ಣದ ಹಲ್ಲು. ಧೂಳು, ತ್ಯಾವಾ ಹಿಡದ್ರ ಸರಿ ಕೂಡೂದಿಲ್ಲ. ನಮ್ಮ ಕಡೆ ಜಡಿ ಮಳಿ ಗೊತ್ತೈತೆಲ್ಲಾ, ಉಪ್ಪಿನ ಡಬ್ಬಿ ಸೈತ ನೀರು ಬಿಡತೈತಿ. ತಗದು, ಹುಡುಗರ ಬಿಳಿ ರಬ್ಬರಿನಿಂದ ಆ ಹಲ್ಲು ಹಗುರಕ ತಿಕ್ಕಿ, ಪುಡಿ ಝಾಡಿಸಿ, ಒತ್ತಿ ಹಾಕಿದೆ. ಮರುದಿನ ಮುಂಜಾನೆ ಮೊದಲ ಒತ್ತಿಗೇ ಎದ್ದಿತು! ಅದರ ಮರುದಿನಾನೂ ಎದ್ದಿತು. ನಾಕು ದಿನಾ ಎದ್ದಿತು. ಎಲ್ಲಾರಿಗೂ ಹೇಳಿದೆ, ರಬ್ಬರ್ ತಿಕ್ಕಿದ್ದಕ್ಕ ಆತು ಅಂತ. ಐದನೇ ದಿನಾ ಮತ್ತ ಕಪ್ಪು.

ಇಲ್ಲೆ ನನಗ ಉಪಯೋಗಕ್ಕ ಬಂದಿದ್ದು ಗ್ವಾಡಿ ಕ್ಯಾಲೆಂಡರು. ಹಾಲು ಎಷ್ಟು, ಗ್ಯಾಸ್ ಯಾವತ್ತು ಹಚ್ಚಿದ್ದು, ಕೆಲಸದಾಕಿ ಯಾವತ್ತು ಬರಲಿಲ್ಲ, ಎಲ್ಲಾ ಅದರ ಮ್ಯಾಲೆ ಬರಿಯೂದು ನಮಗ ರೂಢಿ. ಲ್ಯಾಪ್‌ಟಾಪ್ ಮುನಿಸಿಕೊಂಡಾಗಿಂದ ಅದಕ್ಕೂ ಒಂದು ಗುರುತು ಹಾಕಾಕತ್ತಿದ್ದೆ. ಎದ್ದ ದಿನಾ ಒಂದು ಗೀಟು, ಏಳದ ದಿನಾ ಒಂದು ಗುಂಡ. ಒಮ್ಮೆ ಏಳೂ ಒಮ್ಮೆ ಏಳದ ಸಾಮಾನಿಗೆ ಇದಕ್ಕಿಂತ ಚಲೋ ಔಷಧ ಇಲ್ಲ. ನೆನಪು ಅನ್ನೂದು ಸಿಟ್ಟಿನ ದಿನಾ ಅಷ್ಟ ಇಟ್ಕೊತೈತಿ, ಕ್ಯಾಲೆಂಡರು ಎಲ್ಲಾ ದಿನಾ ಇಟ್ಕೊತೈತಿ.

ಒಂದಿನ ಮಧ್ಯಾಹ್ನ ಊಟ ಆದ ಮ್ಯಾಲೆ ಆ ಕ್ಯಾಲೆಂಡರಿನ ಮುಂದ ನಿಂತು ನೋಡಿದೆ. ಸಾಲಾಗಿ ನಾಕು ಗೀಟು ಬಿದ್ದ ದಿನದ ಕೆಳಗ ನನ್ನ ಕೈಯಾಗಿನ ಇನ್ನೊಂದು ಬರಹ ಇತ್ತು: ‘ಅರ್ಧ ಲೀಟರ್’. ನಮ್ಮನಿಗೆ ದಿನಾ ಒಂದು ಲೀಟರ್ ಹಾಲು. ಅರ್ಧ ಲೀಟರ್ ಆಗೂದು ಯಾವಾಗ? ನಮ್ಮನಿಯವ್ರು ಊರಾಗ ಇಲ್ಲದಾಗ. ಅವರು ಆ ನಾಕು ದಿನಾ ಜಾತ್ರಿಗೆ ಹಳ್ಳಿಗೆ ಹೋಗಿದ್ರು.

ಹಿಂದಿನ ತಿಂಗಳ ಹಾಳಿ ತಿರುವಿದೆ. ಅವರಿಲ್ಲದ ದಿನಾ ಎಲ್ಲಾ ಗೀಟು. ಅವರಿದ್ದ ದಿನಾ ಬಹಳಷ್ಟು ಗುಂಡ. ಅವರಿದ್ರೂ ಗೀಟು ಬಿದ್ದಿದ್ದು ಶನಿವಾರ ಮುಂಜಾನೆ ಅಷ್ಟ. ಶುಕ್ರವಾರ ಸಂಘದ ಕೂಟ, ರಾತ್ರಿ ಹನ್ನೊಂದರ ತನಕ ನಾನು ಲೆಕ್ಕಾ ಬರೀತೀನಿ, ಅವರು ನನಗಿಂತ ಮೊದಲ ಮಲಗತಾರ.

ಸಂಜಿಕ ಅವರು ಬಂದಾಗ ‘ನೀವು ಊರಿಗೆ ಹೋದ್ರ ಲ್ಯಾಪ್‌ಟಾಪ್ ಆರಾಮ ಇರತೈತ್ರಿ’ ಅಂದೆ. ‘ನಿನಗೂ ಹಂಗ ಅನಸತೈತೇನು’ ಅಂದ್ರು. ನಗಿ ಇರಲಿ, ಆ ರಾತ್ರಿ ಅವರು ಮಲಗೂ ಮುಂದ ಏನೇನು ಮಾಡತಾರಂತ ನೋಡಿದೆ. ಬಾಗಲಾ ಹಾಕಿದ್ರು. ಗ್ಯಾಸಿನ ಗುಂಡಿ ನೋಡಿದ್ರು. ಆಮ್ಯಾಲೆ ದಿನಾ ಮಾಡೂ ಹಂಗ ಒಂದು ಸುತ್ತು ಹೊಡದು, ಟಿವಿದು, ವಾಷಿಂಗ್ ಮಷಿನ್ದು, ಲ್ಯಾಪ್‌ಟಾಪಿಂದು, ಎಲ್ಲಾ ಸ್ವಿಚ್ ಟಪ್ ಟಪ್ ಅಂತ ಬಂದ್ ಮಾಡಿದ್ರು. ಅಡ್ಡ ಮಳಿ ದಿನದಾಗ ಸಿಡ್ಲಿಗೆ ಟಿವಿ ಹೋಗಿದ್ದನ್ನ ನೋಡಿದ ಮನಷಾ ಅವರು, ಆ ರೂಢಿ ಚಲೋನ. ನಾನು ಕಡೀಕ ಮಲಗಿದ ಶುಕ್ರವಾರ ಮೊಬೈಲ್ ಅದ ಬೋರ್ಡಿಗೆ ಹಚ್ಚಿರತೀನಿ, ಸ್ವಿಚ್ ಹಾಕೇ ಇರತೈತಿ.

ಅಂದ್ರ ಮಾತು ಇಷ್ಟು: ರಾತ್ರಿ ಕರೆಂಟ್ ಇದ್ರ ಮುಂಜಾನೆ ಏಳತೈತಿ, ರಾತ್ರಿ ಕರೆಂಟ್ ತಗದ್ರ ಏಳೂದಿಲ್ಲ. ಅಂಗಡಿದೂ ಈಗ ಬಿಡಿಸಿತು. ಮೊದಲ ದಿನಾ ಮನಿಯಿಂದ ಅಂಗಡಿಗೆ ಹೋಗೂದು ಹದಿನೈದು ನಿಮಿಷದ ಹಾದಿ, ಅಷ್ಟರಾಗ ಅದಕ್ಕೇನೂ ಆಗಿರಲಿಲ್ಲ, ಎದ್ದಿತು. ಎರಡನೇ ಸಲಾ ರಾತ್ರಿಯೆಲ್ಲಾ ಅಲ್ಲೆ ವೈರ್ ಇಲ್ಲದ ಇತ್ತು, ಏಳಲಿಲ್ಲ. ರಬ್ಬರಿನ ಹೆಸರೂ ಹೋತು. ಆ ನಾಕು ದಿನಾ ಎದ್ದಿದ್ದು ತಿಕ್ಕಿದ್ದಕ್ಕಲ್ಲ, ಯಜಮಾನ್ರು ಜಾತ್ರಿಗೆ ಹೋಗಿದ್ದಕ್ಕ.

ಹಂಗಂತ ಹೇಳಿಬಿಟ್ರ ಆಗಲಿಲ್ಲ, ಪರೀಕ್ಷಾ ಮಾಡಬೇಕು. ಮೂರು ರಾತ್ರಿ ಬೇಕಂತ ಸ್ವಿಚ್ ಹಾಕಿಟ್ಟೆ, ಮೂರು ರಾತ್ರಿ ಬೇಕಂತ ಬಂದ್ ಮಾಡಿದೆ. ಮೂರು ಗೀಟು, ಮೂರು ಗುಂಡ. ಪುಣೆಗೆ ಫೋನ್ ಹಚ್ಚಿದೆ. ನಾನು ಪೂರಾ ಹೇಳೂ ಮೊದಲ ಆಕಿ ಕೇಳಿದ್ಳು: ‘ಚಿಗವ್ವಾ, ಕಷ್ಟಪಟ್ಟು ಎದ್ದ ದಿನಾ ಅದರಾಗ ತಾರೀಖು ಎಷ್ಟು ತೋರಸತೈತಿ?’ ನೋಡಿದ್ರ 2013, ಜನೆವರಿ ಒಂದು!

ಆಕಿ ಬಿಡಿಸಿ ಹೇಳಿದ್ದು ಇದು. ಲ್ಯಾಪ್‌ಟಾಪಿನಾಗ ದೊಡ್ಡ ಬ್ಯಾಟರಿ ಹೊರತು ಒಂದು ಸಣ್ಣದು ಇರತೈತಿ, ನಾಣ್ಯದಷ್ಟು. ಮಷಿನ್ ಬಂದ್ ಇದ್ದಾಗ ಒಳಗಿನ ಗಡಿಯಾರ ನಡಸೂದು, ಏಳೂ ಮುಂದ ಬೇಕಾಗೂ ಕೆಲವು ಸೆಟ್ಟಿಂಗ್ ನೆನಪಿಡೂದು ಅದರ ಕೆಲಸ. ಮನ್ಯಾಗ ಎಲ್ಲಾರೂ ಮಲಗಿದಾಗ ಒಂದು ಹಿರೇ ಜೀವ ಎಚ್ಚರ ಇರತೈತೆಲ್ಲಾ, ಹಂಗ. ದೊಡ್ಡ ಬ್ಯಾಟರಿ ಇಲ್ಲಾ ಚಾರ್ಜರಿನ ಕರೆಂಟ್ ಇರೂ ತನಕ ಈ ಸಣ್ಣದರ ಮ್ಯಾಲೆ ಭಾರ ಬೀಳೂದಿಲ್ಲ. ನಮ್ಮದರಾಗ ದೊಡ್ಡದು ಇಲ್ಲ, ಸ್ವಿಚ್ ಬಂದ್ ಆದ್ರ ಚಾರ್ಜರೂ ಇಲ್ಲ. ಸಣ್ಣದು ಹತ್ತು ಹನ್ನೆರಡು ವರ್ಷಕ್ಕ ಸೋತು ಹೋಗೇತಿ. ರಾತ್ರಿ ಎಲ್ಲಾ ಮರೀತೈತಿ, ಮುಂಜಾನೆ ತಾನು ಯಾರು ಅನ್ನೂದ ತಿಳೀದ ನಿಂದರತೈತಿ. ನಾಕೈದು ಸಲಾ ಒತ್ತಿದ್ರ ಹುಟ್ಟಿದ ದಿನದ ಸೆಟ್ಟಿಂಗ್ ಹಿಡಕೊಂಡು ಏಳತೈತಿ, ಅದಕ್ಕ ಹಳೇ ತಾರೀಖು. ಎಲ್ಲಾ ಲ್ಯಾಪ್‌ಟಾಪೂ ಇದರಿಂದ ಕಪ್ಪಾಗಿ ನಿಲ್ಲೂದಿಲ್ಲ. ಕೆಲವು ಬರೇ ತಾರೀಖು ತಪ್ಪತಾವ, ಕೆಲವು ಒಂದು ಗುಂಡಿ ಒತ್ತು ಅಂತ ಕೇಳತಾವ. ನಮ್ಮದು ನಿಲ್ಲೂ ಜಾತಿದು.

ತಾರೀಖು ತಪ್ಪಿದ್ರ ಇನ್ನೊಂದು ಆಗತೈತಿ, ನೆಟ್ ಹಚ್ಚಿದ್ರ ಪ್ರತಿ ಪುಟಾನೂ ‘ಇದು ಸುರಕ್ಷಿತ ಅಲ್ಲ’ ಅಂತ ಹೆದರಸತೈತಿ. ಪುಟದ ಓಲೆಗೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರತೈತಿ. ಲ್ಯಾಪ್‌ಟಾಪ್ ತಾನು 2013ರಾಗ ಅದೀನಿ ಅಂತ ತಿಳಕೊಂಡ್ರ ಎಲ್ಲಾ ಓಲೆನೂ ಸುಳ್ಳಂತ ಕಾಣತಾವ. ನಿಮ್ಮ ಕಂಪ್ಯೂಟರ್ ಹಂಗ ಅಂದ್ರ ಮೊದಲ ಮೂಲ್ಯಾಗಿನ ತಾರೀಖು ನೋಡ್ರಿ.

ಆ ಸೆಲ್ಲಿನ ಹೆಸರು ಸಿಆರ್ 2032. ಹೆಸರಿನಾಗನ ಅಳತಿ ಐತಿ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮೂರು ವೋಲ್ಟ್. ಕಾರಿನ ಚಾವಿಯಾಗ, ತೂಕದ ಮಷಿನ್ನಿನಾಗ ಹಾಕತಾರಲ್ಲಾ, ಅದ. ಲ್ಯಾಪ್‌ಟಾಪಿನಾಗ ಬಹಳ ಸಲಾ ಅದಕ್ಕ ಎರಡು ವೈರು, ತುದಿಗೊಂದು ಸಣ್ಣ ಪಿನ್ನು ಇರತೈತಿ, ಮ್ಯಾಲೆ ಪ್ಲಾಸ್ಟಿಕ್ ಸುತ್ತಿರತಾರ. ನಮ್ಮದು ಹಂತಾದು. ಕರೆಂಟಿನ ಕೆಲಸ ಮಾಡೂ ಒಬ್ಬ ತಮ್ಮ ನಮ್ಮ ಓಣ್ಯಾಗ ಅದಾನ, ಅಂವ ಮೀಟರ್ ಹಿಡಿದು ನೋಡಿದ. ಮೂರು ಇರಬೇಕಾದದ್ದು ಒಂದೂ ಇರಲಿಲ್ಲ. ಹಳೇದನ್ನ ಒಯ್ದು ತೋರಿಸಿ, ಅದ ನಮೂನಿ ವೈರಿಂದು ತಂದೆ. ನೂರಾ ಇಪ್ಪತ್ತು ರೂಪಾಯಿ. ಪಿನ್ ಒತ್ತಿದೆ, ಮುಚ್ಚಳಾ ಹಾಕಿದೆ, ಎದ್ದ ಮ್ಯಾಲೆ ತಾರೀಖು ಸರಿ ಮಾಡಿದೆ.

ಸಣ್ಣ ಹುಡುಗರಿದ್ದ ಮನಿಯವ್ರು ಇದೊಂದು ಮಾತು ಕೇಳ್ರಿ. ಈ ನಾಣ್ಯದ ಸೆಲ್ ಹಳೇದಾಗಲಿ ಹೊಸಾದಾಗಲಿ ಮಕ್ಕಳ ಕೈಗೆ ಸಿಗಬಾರದು. ನುಂಗಿದ್ರ ಗಂಟಲಾಗ ಸಿಕ್ಕು ಒಳಗ ಸುಡತೈತಿ, ತಾಸೆರಡು ತಾಸಿನಾಗ ದೊಡ್ಡ ಗಾಯಾ ಆಗತೈತಿ. ನುಂಗ್ಯಾವ ಅಂತ ಸಂಶಯಾ ಬಂದ್ರೂ ಸಾಕು, ‘ಹೊರಗ ಬರತೈತಿ ಬಿಡು’ ಅಂತ ಕಾಯಬಾರದು, ಆ ಕ್ಷಣಾ ದವಾಖಾನಿಗೆ ಓಡಬೇಕು. ನಾನು ಹಳೇದಕ್ಕ ಎರಡೂ ಕಡೆ ಟೇಪ್ ಸುತ್ತಿ ಇ-ವೇಸ್ಟಿಗೆ ಕೊಟ್ಟೆ.

ಸೆಲ್ ಹಾಕಿ ಇವತ್ತಿಗೆ ನಲವತ್ತು ದಿನಾ. ಯಜಮಾನ್ರು ದಿನಾ ಸ್ವಿಚ್ ಬಂದ್ ಮಾಡತಾರ. ಕ್ಯಾಲೆಂಡರಿನ ಮ್ಯಾಲೆ ನಲವತ್ತು ಗೀಟು, ಒಂದೂ ಗುಂಡ ಇಲ್ಲ.

ಹಂಗಂತ ಅದರ ಮ್ಯಾಲೆ ಭಾಳ ಭರವಸಿ ಇಡೂದಿಲ್ಲ. ಡಿಸ್ಕಿನ ಆರೋಗ್ಯ ನೋಡಾಕ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಪುಕ್ಕಟ ಪ್ರೋಗ್ರಾಂ ಐತಿ, ಹುಡುಗಿ ಅದನ್ನ ಹಾಕಿಸಿ ನೋಡಿಸಿದ್ಳು. ಡಿಸ್ಕ್ ಈಗ ಚಲೋ ಐತಿ ಅಂತ ತೋರಿಸಿತು. ಆದ್ರ ಅದರಾಗ ಇರೂದು ಹಳೇ ವಿಂಡೋಸ್ 7. ಅದಕ್ಕ ಸುರಕ್ಷತಾ ಅಪ್‌ಡೇಟ್ ಕೊಡೂದು 2020ರ ಜನೆವರಿ 14ಕ್ಕ ನಿಂತೈತಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕ ಮಾಮೂಲಿ ಅಪ್‌ಡೇಟ್ ನಿಂತ್ವು. ಅದಕ್ಕ ಬ್ಯಾಂಕಿನ ಕೆಲಸಾ ಇದರಾಗ ಮಾಡೂದಿಲ್ಲ, ನೆಟ್ಟಿಗೂ ಹಚ್ಚೂದಿಲ್ಲ. ಸಂಘದ ಲೆಕ್ಕಾ ಬರಿಯಾಕ ನೆಟ್ ಬೇಕಾಗಿಲ್ಲ. ಬರದ ಮ್ಯಾಲೆ ಪ್ರತಿ ಶುಕ್ರವಾರ ಪೆನ್‌ಡ್ರೈವಿಗೆ ಒಂದು ನಕಲು ಹೋಗತೈತಿ.

ಹೊಸ ಲ್ಯಾಪ್‌ಟಾಪ್ ಇದ್ದೋರು ಒಂದು ತಿಳಕೋರಿ. ಕೆಲವದರಾಗ ಡಿಸ್ಕ್ ಬೋರ್ಡಿಗೇ ಬೆಸದಿರತೈತಿ, ಬಿಚ್ಚಾಕ ಬರೂದಿಲ್ಲ. ಬಹಳಷ್ಟದರಾಗ ಡಿಸ್ಕಿಗೆ ಒಳಗ ಕೀಲಿ ಹಾಕಿರತಾರ, ಬ್ಯಾರೆ ಕಡೆ ಹಚ್ಚಿದ್ರ ಉದ್ದಾನ ನಂಬರ್ ಕೇಳತೈತಿ. ಆ ನಂಬರ್ ಈಗ, ಲ್ಯಾಪ್‌ಟಾಪ್ ಆರಾಮ ಇದ್ದಾಗನ, ಮಕ್ಕಳ ಕಡೆ ತಗಸಿ ಒಂದು ಡೈರಿಯಾಗ ಬರದಿಡ್ರಿ.

ಅಂಗಡಿಯವರ ಮ್ಯಾಲೆ ನನಗ ಸಿಟ್ಟಿಲ್ಲ. ಅವರ ಮುಂದ ದಿನಾ ಇಪ್ಪತ್ತು ಬರತಾವ, ಒಂದಕ್ಕ ಹತ್ತು ನಿಮಿಷ. ಹತ್ತು ನಿಮಿಷದಾಗ ಅವರಿಗೆ ಕಂಡಿದ್ದು ಕಪ್ಪು ಪರದಿ. ನಮ್ಮನಿಯವರು ರಾತ್ರಿ ಸುತ್ತು ಹೊಡಿಯೂದು, ಶುಕ್ರವಾರದ ಲೆಕ್ಕ, ಅರ್ಧ ಲೀಟರ್ ಹಾಲು ಅವರಿಗೆ ಹ್ಯಾಂಗ ಕಾಣಬೇಕು? ಅದು ಮನ್ಯಾಗ ಇರೋರಿಗೆ ಅಷ್ಟ ಕಾಣತೈತಿ. ಫ್ರಿಡ್ಜ್ ಇರಲಿ, ಗೀಜರ್ ಇರಲಿ, ಮೋಟರ್ ಇರಲಿ, ಒಮ್ಮೆ ನಡದು ಒಮ್ಮೆ ನಿಂತ್ರ ಮೊದಲ ಕ್ಯಾಲೆಂಡರಿಗೆ ಗುರುತು ಹಾಕ್ರಿ, ಆ ಕಾಗದಾ ಹಿಡಕೊಂಡು ರಿಪೇರಿಗೆ ಹೋಗ್ರಿ. ಅವರೂ ಖುಷಿಲೆ ನೋಡತಾರ.

ಪೆನ್‌ಡ್ರೈವ್ ಕೊಡಾಕ ನೆಗೆಣ್ಣಿ ಮನಿಗೆ ನಾನ ಹೋದೆ. ಮೂರು ವರ್ಷಕ್ಕ ಆ ಮೆಟ್ಟಲಾ ಹತ್ತಿದ್ದು. ಟಿವಿಗೆ ಹಚ್ಚಿ ಎಲ್ಲಾರೂ ಕೇಳಿದ್ವಿ. ಹನ್ನೊಂದನೇ ಪದದಾಗ ಅತ್ತಿಯವ್ರು ಒಂದು ಸಾಲು ಮರತು ನಿಂದರತಾರ, ಹಿಂದಿನಿಂದ ಒಂದು ಹೆಣ್ಣು ಧ್ವನಿ ಎತ್ತಿಕೊಡತೈತಿ. ಅದು ನೆಗೆಣ್ಣಿದು. ಆಕಿ ಆವತ್ತು ಅಲ್ಲೆ ಹಿತ್ತಲ ಬಾಗಲದಾಗ ಕುಂತು ಮೆಂತೆ ಸೋಸಾಕತ್ತಿದ್ಳು. ಆಕಿಗೂ ಮರತಿತ್ತು, ನನಗೂ ಮರತಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲೆ ‘ಅರಿಷಿಣದ ದಿನಾ ಟಿವಿ ಯಾಕಬೇ, ನಾವಿಬ್ರೂ ಹಾಡೂಣು. ಮರತಲ್ಲೆ ಅತ್ತಿ ಎತ್ತಿಕೊಡಲಿ’ ಅಂದ್ಳು. ಈಗ ಮಂಗಳವಾರ ಮತ್ತ ಗುರುವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋಗತೀನಿ. ಬೀಸೂಕಲ್ಲು ಅಲ್ಲೇ ಐತಿ. ಎಂಟು ಪದಾ ಬಾಯಿಗೆ ಬಂದಾವ.

ನಿಮ್ಮನ್ಯಾಗ ಹಳೇ ಲ್ಯಾಪ್‌ಟಾಪ್, ಹಳೇ ಮೊಬೈಲ್ ಅಟ್ಟದ ಮ್ಯಾಲೆ ಬಿದ್ದಿದ್ರ ಈ ವಾರ ಕೆಳಗ ತಗೀರಿ. ಏಳದಿದ್ರ ಹೋತಂತ ತಿಳೀಬ್ಯಾಡ್ರಿ. ಯಾರ ಧ್ವನಿ, ಯಾರ ಫೋಟೋ ಅದರಾಗ ಕುಂತಾವೋ. ಡಿಸ್ಕಿನ ಕವರ್ ನನ್ನ ಕಡೆ ಐತಿ, ಸ್ಕ್ರೂಡ್ರೈವರೂ ಐತಿ. ಶುಕ್ರವಾರ ಒಂದು ಬಿಟ್ಟು ಯಾವತ್ತ ಬಂದ್ರೂ ನಡೀತೈತಿ.